ಬಿಳಿ ಕ್ರೀಮು ಮತ್ತು ಶನಿವಾರದ ಕನ್ನಡ ತರಗತಿ

ನಮ್ಮ ಕನ್ನಡ ಕೂಟದ ಮಾನ್ಯ ಅಧ್ಯಕ್ಷರೇ,

ರೌಂಡ್ ರಾಕ್‌ನ ಶನಿವಾರದ ಕನ್ನಡ ತರಗತಿಯನ್ನು ನೀವು ನನ್ನಿಂದ ತೆಗೆದುಕೊಂಡಿದ್ದೀರಿ. ಕಾರಣ ಹೇಳಿಲ್ಲ. ಕಾರಣ ಇರಬೇಕಾದ ಜಾಗದಲ್ಲಿ ಕಾಳಜಿಯನ್ನು ಇಟ್ಟಿದ್ದೀರಿ. ನಾನು ಸಭೆಯಲ್ಲಿ ಎದ್ದು ನಿಂತು ಮಾತಾಡುವವಳಲ್ಲ. ಮೈಕು ಕೈಗೆ ಬಂದರೆ ಪಕ್ಕದವರಿಗೆ ದಾಟಿಸುತ್ತೇನೆ. ಹಾಗಾಗಿ ಕೂಟದ ಎಲ್ಲ ಸದಸ್ಯರಿಗೂ ತಲುಪುವ ಇಮೇಲ್ ಗುಂಪಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ತರಗತಿಗಳ ಉಸ್ತುವಾರಿ ನೋಡುವ ನಳಿನಿ ಆಂಟಿ ಕಳೆದ ವಾರ ಫೋನ್ ಮಾಡಿದ್ದರು. “ಹಂಸಾ, ನೀನು ಸ್ವಲ್ಪ ದಿನ ರೆಸ್ಟ್ ತಗೋಮ್ಮ. ಅಧ್ಯಕ್ಷರಿಗೂ ಹಂಗೇ ಅನ್ನಿಸಿದೆ.”

“ನಾನು ಚೆನ್ನಾಗೇ ಇದೀನಲ್ಲ ಆಂಟಿ.”

“ಚೆನ್ನಾಗಿಲ್ಲ ಅಂತ ಯಾರಂದ್ರು? ಕೆಲವು ಪೇರೆಂಟ್ಸು ಕೇಳ್ತಿದಾರೆ, ಅಷ್ಟೇ.”

“ಏನಂತ ಕೇಳ್ತಿದಾರೆ?”

“ಸುಮ್ನೆ, ಹಿಂಗೇ.”

ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡುವಾಗ ನಾನು ಮುಖ್ಯವಾಗಿ ಕಲಿತದ್ದು, ಬರೆದದ್ದರ ಜೊತೆಗೆ ಬರೆಯದೆ ಬಿಟ್ಟದ್ದನ್ನೂ ಓದಬೇಕು ಎಂಬುದನ್ನು. ‘ಕೆಲವು ಪೇರೆಂಟ್ಸು’ ಎಂದರೆ ಯಾರು? ‘ಸ್ವಲ್ಪ ದಿನ’ ಎಂದರೆ ಎಲ್ಲಿಯವರೆಗೆ? ಆ ಫೋನ್ ಬಂದಾಗಿನಿಂದ ಇಂಡಿಯನ್ ಅಂಗಡಿಯಲ್ಲಿ ಯಾರಾದರೂ ನನ್ನನ್ನು ನೋಡಿ ಟ್ರಾಲಿ ತಿರುಗಿಸಿದರೆ, ಇವರೇ ಇರಬಹುದೇ ಎಂದು ಅನುಮಾನವಾಗುತ್ತದೆ. ಅವರಿಗೆ ನಿಜಕ್ಕೂ ತೊಗರಿಬೇಳೆ ಬೇಕಾಗಿತ್ತೋ ಏನೋ. ನನ್ನನ್ನು ಈ ಸ್ಥಿತಿಗೆ ತಂದದ್ದು ನಿಮ್ಮ ಕಾಳಜಿ.

ನಿಮಗೆ ಗೊತ್ತಿದ್ದೂ ಸದಸ್ಯರಲ್ಲಿ ಹಲವರಿಗೆ ಗೊತ್ತಿಲ್ಲದ್ದನ್ನು ಈಗ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನನ್ನ ಮೂಗುಬೊಟ್ಟಿನ ಪಕ್ಕದಲ್ಲಿ ಒಂದು ಕಪ್ಪು ಚುಕ್ಕೆ ಎದ್ದಿತು. ಮೊದಲು ಎಲ್ಲರೂ ಅದನ್ನು ಅದೃಷ್ಟದ ಮಚ್ಚೆ ಎಂದರು. ಅದು ಒಡೆದು ರಕ್ತ ಬಂದಾಗ, ಚಿನ್ನ ಒಗ್ಗುತ್ತಿಲ್ಲ, ಅರಿಶಿನ ಹಚ್ಚು ಎಂದರು. ಆ ವರ್ಷದ ದೀಪಾವಳಿ ಊಟದಲ್ಲಿ ನನ್ನ ಗಂಡ ಗೌರವ್ ನಿಮ್ಮನ್ನೇ ಕೇಳಿದ. ನೀವು ಹೃದಯದ ವೈದ್ಯರಾಗಿ ನಿವೃತ್ತರಾದವರು. ನಮ್ಮ ಸಮುದಾಯದಲ್ಲಿ ಮೊಣಕಾಲಿನಿಂದ ಹಿಡಿದು ಮನಸ್ಸಿನವರೆಗೆ ಎಲ್ಲದಕ್ಕೂ ನಿಮ್ಮ ಅಭಿಪ್ರಾಯವೇ ಮೊದಲು. ಕೈಯಲ್ಲಿ ತಟ್ಟೆ ಹಿಡಿದೇ ನೋಡಿ ಹೇಳಿದಿರಿ: “ಏನಿಲ್ಲಮ್ಮ, ಮೂಗುಬೊಟ್ಟಿನ ತಿರುಪು ಒತ್ತಿದೆ. ಸ್ಕಿನ್ ಕ್ಯಾನ್ಸರ್ ಎಲ್ಲ ಬಿಳಿಯರಿಗೆ ಬರೋದು. ನಮ್ಮ ಬಣ್ಣ ನಮಗೆ ಕೊಡೆ ಇದ್ದಂಗೆ.” ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು, ಮುಂದಿನ ಬೇಸಿಗೆಯವರೆಗೆ ಸುಮ್ಮನಿದ್ದೆ.

ಅದು ಚರ್ಮದ ಕ್ಯಾನ್ಸರ್ ಆಗಿತ್ತು. ನಮ್ಮ ಬಣ್ಣದವರಿಗೆ ಅಪರೂಪ, ಆದರೆ ಬರುತ್ತದೆ; ಬರುವುದಿಲ್ಲ ಎಂದುಕೊಂಡವರಿಗೆ ತಡವಾಗಿ ಗೊತ್ತಾಗುತ್ತದೆ ಎಂದರು ಹ್ಯೂಸ್ಟನ್ನಿನ ಚರ್ಮದ ವೈದ್ಯೆ. ಮೂಗಿನ ಎಡಗಡೆ ಒಂದಿಷ್ಟು ಭಾಗವನ್ನು ತೆಗೆದು, ಕಿವಿಯ ಹಿಂದಿನ ಚರ್ಮ ತಂದು ಮುಚ್ಚಿದರು. ಈಗ ಅಲ್ಲಿ ಮೂಗುಬೊಟ್ಟು ಇಲ್ಲ, ಅದನ್ನು ಹಾಕುವ ಜಾಗವೂ ಇಲ್ಲ.

ಆಮೇಲಿನ ಬದುಕು ಇಷ್ಟೇ: ಬೆಳಿಗ್ಗೆ ಎದ್ದು ಮುಖಕ್ಕೆ, ಕತ್ತಿಗೆ, ಕಿವಿಗೆ ದಪ್ಪ ಬಿಳಿ ಕ್ರೀಮು. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಡ್ರೈವ್ ಮಾಡುವಾಗ ಕೈಗವಸು. ಬಿಸಿಲೆಂದರೆ ನನಗೆ ಸಮುದ್ರತೀರದ ಬಿಸಿಲಲ್ಲ. ಅಂಚೆ ಡಬ್ಬದವರೆಗೆ ಹೋಗಿಬರುವಷ್ಟು ಹೊತ್ತಿನ ಬಿಸಿಲು, ಕಾರಿನ ಗಾಜಿನಿಂದ ಎಡಗೈ ಮೇಲೆ ಬೀಳುವ ಬಿಸಿಲು. ಆ ಕ್ರೀಮನ್ನು ಬಿಳಿಯರ ಚರ್ಮಕ್ಕೆಂದೇ ಮಾಡಿರಬೇಕು. ನನ್ನ ಮುಖದ ಮೇಲೆ ಬೂದಿ ಮೆತ್ತಿದಂತೆ ಕಾಣುತ್ತದೆ. ನಮ್ಮ ತರಗತಿ ನಡೆಯುವ ಕ್ಲಬ್‌ಹೌಸಿನ ಕೋಣೆಗೆ ಒಂದು ಕಡೆ ಪೂರ್ತಿ ಗಾಜಿನ ಗೋಡೆ. ಹಾಗಾಗಿ ಒಳಗೂ ಟೋಪಿ ತೆಗೆಯುವುದಿಲ್ಲ. ಹಿಂದಿನ ಕೋಣೆ ಕೊಡಿ ಎಂದು ಮಾರ್ಚ್‌ನಲ್ಲೇ ಕೇಳಿದ್ದೆ. ಅಲ್ಲಿ ತರಗತಿಯ ಫೋಟೋ ಚೆನ್ನಾಗಿ ಬರುವುದಿಲ್ಲ ಎಂಬ ಉತ್ತರ ಬಂತು.

ಮಕ್ಕಳಿಗೂ ಅನುಮಾನ ಬಂದಿತ್ತು. ಮೊದಲ ದಿನವೇ ದಿಯಾ ಕೇಳಿದಳು, “ಮಿಸ್, ಆರ್ ಯೂ ಎ ಘೋಸ್ಟ್?”

“ಹೌದು. ಹೋಮ್‌ವರ್ಕ್ ಮಾಡದೆ ಇರೋರ ಮನೆಗೆ ಬರ್ತೀನಿ.”

“ಕ್ಯಾನ್ ಯೂ ಕಮ್ ಆನ್ ಸಂಡೇ? ಸಾಟರ್ಡೇ ವೀ ಹ್ಯಾವ್ ಡ್ಯಾನ್ಸ್.”

ಆಮೇಲೆ ಅವರಿಗೆ ನಿಜವನ್ನೇ ಹೇಳಿದೆ. ಮುಂದಿನ ವಾರ ದಿಯಾ ತನ್ನಮ್ಮನ ಟೋಪಿ ಹಾಕಿಕೊಂಡು ಬಂದು ತರಗತಿ ಮುಗಿಯುವವರೆಗೂ ಅದನ್ನು ಕಣ್ಣಿನ ಮೇಲೆ ಇಳಿಬಿಟ್ಟುಕೊಂಡೇ ಕಾಗುಣಿತ ಬರೆದಳು. ಮಕ್ಕಳ ಅನುಮಾನ ಅಲ್ಲಿಗೆ ಮುಗಿಯಿತು, ಏಕೆಂದರೆ ಅವರು ನನ್ನನ್ನೇ ಕೇಳಿದರು. ದೊಡ್ಡವರು ನಿಮ್ಮನ್ನು ಕೇಳಿದರು. ಅಂಟುರೋಗವೇ, ತೊನ್ನೇ, ಇನ್ನೇನಾದರೂ ಇದೆಯೇ ಎಂದಿರಬೇಕು. ನೀವು ವೈದ್ಯರು. ‘ಇದು ಅಂಟುವುದಿಲ್ಲ’ ಎಂದು ಒಂದು ಮಾತು ಹೇಳುವುದು ಕಷ್ಟವಾಗಿತ್ತೇ? ಕೂಟದ ಪಿಕ್ನಿಕ್ಕಿನಲ್ಲಿ ಟ್ಯಾನ್ ಆಗುತ್ತೇವೆಂದು ಮರದ ನೆರಳು ಬಿಟ್ಟು ಏಳದವರನ್ನು ಯಾರೂ ರೋಗಿಗಳು ಎನ್ನುವುದಿಲ್ಲ. ಕಪ್ಪಗಾಗಬಾರದೆಂದು ಬಿಸಿಲಿಗೆ ಹೆದರಿದರೆ ಅದು ಅಂದದ ಕಾಳಜಿ. ಬದುಕಬೇಕೆಂದು ಹೆದರಿದರೆ ವಿಶ್ರಾಂತಿ ಕೊಡಿಸುತ್ತೀರಿ.

ಡಿಪೆಂಡೆಂಟ್ ವೀಸಾದಲ್ಲಿ ಬಂದ ನನಗೆ ಈ ದೇಶದಲ್ಲಿ ಸಂಬಳದ ಕೆಲಸ ಮಾಡುವ ಅನುಮತಿ ಇಲ್ಲ. ವಾರದ ಉಳಿದ ದಿನಗಳಲ್ಲಿ ನಾನು ಓದಿದ್ದು ಯಾರಿಗೂ ಬೇಕಾಗಿಲ್ಲ. ಶನಿವಾರ ಬೆಳಿಗ್ಗೆ ಮಾತ್ರ ಬೇಕಾಗಿತ್ತು. ವಿಶ್ರಾಂತಿ ನನಗೆ ಧಾರಾಳವಾಗಿ ಇದೆ, ಅಧ್ಯಕ್ಷರೇ.

ಮೊನ್ನೆ ಕೋಣೆಯ ಬೀಗದ ಕೈ ಹಿಂತಿರುಗಿಸಲು ಬಂದಾಗ ನೀವು ಆ ಗಾಜಿನ ಗೋಡೆಯ ಪಕ್ಕ ನಿಂತಿದ್ದಿರಿ. ನಾನು ಕೈ ಚಾಚಿದೆ. “ಅಲ್ಲೇ ಟೇಬಲ್ ಮೇಲಿಡಮ್ಮ,” ಎಂದಿರಿ. ಮನೆಗೆ ಬಂದು ಆ ಮಾತನ್ನು ಎಷ್ಟೋ ಸಲ ತಿರುವಿ ನೋಡಿದೆ. ನನ್ನ ಕೈ ಮುಟ್ಟಲು ಹಿಂಜರಿದಿರಾ? ನಿಮಗೆ ಆ ಭಯ ಇರಲಾರದು. ನನ್ನ ಈಗಿನ ಅನುಮಾನ ಬೇರೆ. ನಿಮಗೆ ತೊಂದರೆ ಕೊಡುವುದು ನನ್ನ ಮುಖ. ತಟ್ಟೆ ಹಿಡಿದು ನೀವಾಡಿದ ಆ ಮಾತು ಪ್ರತಿ ಶನಿವಾರ ಬಿಳಿ ಕ್ರೀಮು ಹಚ್ಚಿಕೊಂಡು ನಿಮ್ಮ ಮುಂದೆ ಹಾದುಹೋಗುತ್ತಿತ್ತು. ಅದಕ್ಕೆ ಅಲ್ಲವೇ ಈ ವಿಶ್ರಾಂತಿ?

ಅಲ್ಲವೆಂದಾದರೆ ನನ್ನ ತರಗತಿಯನ್ನು ವಾಪಸ್ಸು ಕೊಡಿ, ಹಿಂದಿನ ಕೋಣೆಯಲ್ಲಿ. ಫೋಟೋ ಕೆಟ್ಟದಾಗಿಯೇ ಬರಲಿ. ಕೊಡದಿದ್ದರೆ ಕಾರಣವನ್ನು ಇದೇ ಗುಂಪಿನಲ್ಲಿ ಎಲ್ಲರೂ ಓದುವಂತೆ ಬರೆಯಿರಿ.

ಇನ್ನೊಂದು ವಿಷಯ. ಅಂದು ನೀವು ಮುಖ ಆಚೆ ತಿರುಗಿಸಿದಾಗ ಬಿಸಿಲು ನಿಮ್ಮ ಎಡಗಿವಿಯ ಮೇಲೆ ಬಿದ್ದಿತ್ತು. ಅದರ ಅಂಚಿನಲ್ಲಿ ಒಂದು ಕಪ್ಪು ಕಲೆ ಇದೆ, ನಡುವೆ ಹಕ್ಕಳೆ ಕಟ್ಟಿದೆ. ಯುಗಾದಿಯಂದು ಅದು ಇದಕ್ಕಿಂತ ಚಿಕ್ಕದಿತ್ತು. ಕನ್ನಡಕದ ಕಡ್ಡಿ ಒತ್ತಿದೆ ಎಂದು ಯಾರಿಗೋ ಹೇಳುತ್ತಿದ್ದಿರಿ. ದಯವಿಟ್ಟು ತೋರಿಸಿಕೊಳ್ಳಿ, ಮುಂದಿನ ಬೇಸಿಗೆಯವರೆಗೆ ಕಾಯಬೇಡಿ. ಹ್ಯೂಸ್ಟನ್ನಿನ ವೈದ್ಯೆಯ ನಂಬರು ನನ್ನ ಬಳಿ ಇದೆ. ನನ್ನ ಇಷ್ಟೂ ಅನುಮಾನಗಳಲ್ಲಿ ಇದೊಂದು ಸುಳ್ಳಾಗಲಿ.

ಇಂತಿ,
ಬೀಗದ ಕೈಯನ್ನು ಟೇಬಲ್ ಮೇಲಿಟ್ಟು ಬಂದ
ಹಂಸಾ