ಟ್ರಂಕಿನಲ್ಲಿಟ್ಟ ಇಂಗ್ಲಿಷ್ ನೋಟ್‌ಬುಕ್

ತಂಗಿ ನೇತ್ರಾ,

ಪಂಚಮಿಗೆ ಬಂದಾಗ ನೀನು ಕೊಟ್ಟುಹೋದ ನಿನ್ನ ಟ್ಯೂಷನ್ನಿನ ಇಂಗ್ಲಿಷ್ ನೋಟ್‌ಬುಕ್ಕನ್ನು ನಿನ್ನೆ ತೆರೆದೆ, ನೀನು ತೀರಿಕೊಂಡ ಏಳು ತಿಂಗಳಿಗೆ. "ಅಕ್ಕ, ಮದ್ಲನೇ ಹಾಳೆ ಕಲ್ತ್ರೆ ಸಾಕು, ಉಳಿದಿದ್ದು ಓದಾಕೆ ತಾನೇ ಬರ್ತೈತೆ" ಅಂದಿದ್ದೆ. "ನಾನ್ಯಾವ ಡಿಸಿ ಆಗ್ಬೇಕಾಗೈತೆ ಬಿಡೇ" ಎಂದು ನಾನು ನಕ್ಕು ಟ್ರಂಕಿಗೆ ಹಾಕಿದ್ದೆ.

ಇನ್ನೂ ಹದಿನೈದು ದಿನ ಇರುತ್ತೇನೆ ಎಂದೆ ನೀನು. ಹಬ್ಬ ಮುಗಿದ ಮೇಲೂ ತವರಲ್ಲಿ ಕೂತರೆ ಜನ ಏನಂದಾರು ಎಂದು ನಾನೇ ಉಡಿ ತುಂಬಿ, ಹೊನ್ನಾಳಿ ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸು ಹತ್ತಿಸಿದೆ. ಇಪ್ಪತ್ತೊಂದನೇ ದಿನ ಜಗಳೂರಿನ ನಿನ್ನ ಹೊಲದ ಕೃಷಿ ಹೊಂಡದಿಂದ ನಿನ್ನನ್ನು ಎತ್ತಿದರು. "ಕಾಲು ಜಾರ್ತು" ಎಂದ ನಿನ್ನ ಗಂಡ ತಿಪ್ಪೇಶ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಜಾರುತ್ತದೆಂದು ನಾವೂ ನಂಬಿದೆವು.

ಈಗ ಅವನಿಗೆ ನಮ್ಮ ಕೊನೆಯ ತಂಗಿ ಸುನೀತಾಳನ್ನು ಕೇಳುತ್ತಿದ್ದಾರೆ. ನಮ್ಮಲ್ಲಿ ಹೀಗೇ ಅಲ್ಲವೆ, ಅಕ್ಕ ಸತ್ತರೆ ತಂಗಿಯನ್ನು ಕೊಟ್ಟು ಮಗುವಿಗೆ ತಾಯಿ ಮಾಡುವುದು. ಹೋದ ವಾರ ಅವನ ದೊಡ್ಡಪ್ಪ ಬಸವರಾಜಪ್ಪ ಬಂದು, "ನಾಗೇಂದ್ರಪ್ಪಾರೆ, ಊರೂರು ಯಾಕ್ ಹುಡುಕ್ಬೇಕ್ರೀ, ಹುಡುಗಿ ಮನ್ಯಾಗೇ ಐತೆ" ಎಂದರು. ಅಪ್ಪ ತಲೆಯಾಡಿಸಿದರು. ಇಂದು ಹನ್ನೊಂದಕ್ಕೆ ಎಲೆಅಡಿಕೆ ಬದಲಾಯಿಸಲು ಬರುತ್ತಿದ್ದಾರೆ.

ಅವಳಿಗೊಂದು ಸೀರೆ ತೆಗೆಯಲು ಹೋದಾಗ ನೋಟ್‌ಬುಕ್ ಕೈಗೆ ಬಂತು. ಮೊದಲ ಹಾಳೆಯಲ್ಲಿ ಕನ್ನಡದಲ್ಲೇ ಬರೆದಿದ್ದೀಯ: ಶುರುವಾದ ದಿನ ಹೇಳಲು ಸಿನ್ಸ್, ಎಷ್ಟು ಕಾಲವಾಯಿತೆಂದು ಹೇಳಲು ಫಾರ್. ಮುಂದೆಲ್ಲ ನೀನೇ ಮಾಡಿದ ವಾಕ್ಯಗಳು. ಎಸ್ಸೆಸ್ಸೆಲ್ಸಿಯ ನನ್ನ ಇಂಗ್ಲಿಷಿನಲ್ಲಿ ಒಂದೊಂದೇ ಪದ ಕೂಡಿಸಿ ಓದಿದೆ. ಕನ್ನಡದಲ್ಲಿ ಹೇಳಿದರೆ ನಿನ್ನ ವಾಕ್ಯಗಳು ಇವು:

ಮಂಗಳವಾರದಿಂದ ನನ್ನ ಫೋನು ಅವರ ಹತ್ತಿರ ಇದೆ. ಎರಡು ದಿನದಿಂದ ನನಗೆ ಊಟ ಕೊಟ್ಟಿಲ್ಲ. ಮದುವೆಯಾದ ದಿನದಿಂದ ನಾನು ಹೆದರುತ್ತಿದ್ದೇನೆ. ಒಂದು ವಾರದಿಂದ ಅವರು ಹೊಂಡದ ಆಳದ ಮಾತೇ ಆಡುತ್ತಿದ್ದಾರೆ.

ಒಂದೊಂದರ ಮುಂದೂ ಟ್ಯೂಷನ್ ಮೇಡಂ ಕೆಂಪು ಶಾಯಿಯಲ್ಲಿ ಗುಡ್ ಎಂದು ಬರೆದಿದ್ದಾರೆ. ಅವರನ್ನೇನು ಅನ್ನಲಿ? ಅವರಿಗೆ ಅದು ಬರೀ ಅಭ್ಯಾಸ. ನನಗೆ ನೀನು ಕೈಗೇ ಕೊಟ್ಟಿದ್ದೆ.

ಅಪ್ಪನಿಗೆ ಓದಿ ಹೇಳಿದೆ. "ಮಾತು ಕೊಟ್ಟಾಗೈತೆ ಪ್ರಮೀಳಾ, ಆ ಪುಸ್ತಕ ಮುಚ್ಚು" ಎಂದರು. ಬಾಗಿಲಲ್ಲಿ ನಿಂತಿದ್ದ ಸುನೀತಾ, "ನನ್ನ ಕೇಳ್ದೆ ಕೊಟ್ಟ ಮಾತು ನೀವೇ ಇಟ್ಕಳ್ರಿ" ಎಂದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ಸಂತೇಬೆನ್ನೂರಿನ ಭೀಮಕ್ಕತ್ತೆ ಮನೆಗೆ ಕಳಿಸಿದೆ. ನೋಟ್‌ಬುಕ್ ಅವಳ ಬ್ಯಾಗಿನಲ್ಲಿದೆ. ಪೊಲೀಸರಲ್ಲಿ ಅದನ್ನು ಯಾರಿಗೆ ಕೊಡಬೇಕೆಂದು ಅತ್ತೆಗೆ ಗೊತ್ತು.

ಈಗಷ್ಟೇ ಬಸವರಾಜಪ್ಪ ಫೋನು ಮಾಡಿದ್ದರು. "ಮಗೀನೂ ಕರ್ಕಂಡ್ ಬರ್ತಿದೀವಿ ಕಣಮ್ಮ, ನೋಡಿದ್ರೆ ನಿಮ್ ಕರುಳು ಕರಗ್ತೈತೆ." ಕರಗಲಿ ಎಂದೇ ತರುತ್ತಿದ್ದಾರೆ. ಹಿಂದೆ ತಿಪ್ಪೇಶನ ನಗು ಕೇಳಿಸಿತು. ಸುನೀತಾ ಇಲ್ಲದ ಮನೆ ನೋಡಿ ಅವನು ಏನು ಮಾಡುತ್ತಾನೋ ಗೊತ್ತಿಲ್ಲ. ಅಪ್ಪ ಯಾರ ಕಡೆ ನಿಲ್ಲುತ್ತಾರೋ ಅದೂ ಗೊತ್ತಿಲ್ಲ. ನಿನ್ನ ಮಗಳು ನನ್ನ ಕಂಕುಳಿಗೆ ಬಂದ ಮೇಲೆ ವಾಪಸ್ ಕೊಡುವುದಿಲ್ಲ, ಇಷ್ಟು ಮಾತ್ರ ಗೊತ್ತು.

ನೀನು ನೆಮ್ಮದಿಯಾಗಿ ಮಲಗು, ತಂಗಿ. ಮಗುವಿಗೆ ನಾನಿದ್ದೇನೆ.

ನಿನ್ನ ಅಕ್ಕ,
ಪ್ರಮೀಳಾ