ಬೆಂಚಿನ ಕೊನೆಯವನ ಪಾಲು

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಮಗಳಿಗೆ,

ಅಮ್ಮನ ನೂರು ಮುತ್ತು. ನಿನ್ನ ಗಂಡನ ಮುಖದ ಮೇಲೆ ನಾನು ಬಾಗಿಲು ಹಾಕಿದ ದಿನದಿಂದ ನೀನು ಮಾತು ಬಿಟ್ಟಿದ್ದೀಯ. ಆದರೂ ಅಮ್ಮನ ಕಾಗದವನ್ನು ನೀನು ಹರಿದುಹಾಕಲಾರೆ ಅಂತ ನಂಬಿ ಬರೆಯುತ್ತಿದ್ದೇನೆ.

ಇವತ್ತು ನಿನ್ನ ಗಂಡ ಚರ್ಚಿಗೆ ಬಂದಿದ್ದ. ನಿನ್ನ ತಮ್ಮನನ್ನು ಮಣ್ಣು ಮಾಡಿದ ಮೇಲೆ ಇದೇ ಮೊದಲು. ತಡವಾಗಿ ಬಂದವನಿಗೆ ಸಿಕ್ಕಿದ್ದು ನನ್ನ ಬೆಂಚಿನ ತುದಿಯೇ. ಕಾರು ಓಡಿಸುತ್ತಾ ತೂಕಡಿಸಿದವನು ನನ್ನ ಪಕ್ಕದಲ್ಲಿ, ಅವನನ್ನು ನಂಬಿ ಹತ್ತಿದ ನನ್ನ ಮಗ ಮಣ್ಣಿನಡಿ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಅದೇ ಕಾಣುತ್ತಿತ್ತು.

ಕರ್ತನ ಭೋಜನದ ದ್ರಾಕ್ಷಾರಸದ ಬಟ್ಟಲು ನಮ್ಮಲ್ಲಿ ಕೈಯಿಂದ ಕೈಗೆ ಹೋಗುತ್ತದಲ್ಲ, ಕುಡಿದವರೇ ಪಕ್ಕದವರಿಗೆ ಕೊಟ್ಟು ಇದು ನಿನಗಾಗಿ ಅನ್ನಬೇಕು. ಅವನಿಗೆ ಆ ಮಾತು ಹೇಳಲು ನನಗೆ ನಾಲಿಗೆಯೇ ಏಳಲಿಲ್ಲ. ಏನು ಮಾಡಿದೆ ಗೊತ್ತಾ? ಉಳಿದದ್ದನ್ನೆಲ್ಲ ಗಟಗಟ ಕುಡಿದುಬಿಟ್ಟೆ. ನೆತ್ತಿಗೇರಿ ಕೆಮ್ಮು ಬಂತು. ಮುಂದಿನ ಸಾಲಿನ ನರ್ಸಮ್ಮ ತಿರುಗಿ ನೋಡಿದರು, ಮುದುಕಿಗೆ ಇಷ್ಟೊಂದು ಭಕ್ತಿಯೇ ಅಂದುಕೊಂಡರೇನೋ. ನಿನ್ನ ತಮ್ಮ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ದಿನವಿಡೀ ಬಟ್ಟೆ ಹೊಲಿಯುವ ಈ ಕೈ ಒಂದಿಷ್ಟೂ ನಡುಗಲಿಲ್ಲ, ಮಗಳೇ. ನಡುಗಿದ್ದರೆ ವಯಸ್ಸಿನ ಮೇಲೆ ಹಾಕಿ ಪಾರಾಗುತ್ತಿದ್ದೆ.

ಬರಿ ಬಟ್ಟಲನ್ನು ಅವನ ಕೈಗೆ ತುರುಕಿದೆ. ಅವನು ಒಳಗೆ ನೋಡಿದ. ಪಾದ್ರಿಗಳನ್ನು ಕರೆಯಲಿಲ್ಲ, ನನ್ನತ್ತ ತಿರುಗಲೂ ಇಲ್ಲ. ತುಂಬಿದ ಬಟ್ಟಲನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿ ತುಟಿಗಿಟ್ಟು ಕಣ್ಣು ಮುಚ್ಚಿದ. ಆಮೇಲೆ ಮೆಲ್ಲಗೆ, ನನ್ನ ಪಾಲು ಸಿಕ್ಕಿತು ಅತ್ತೆ, ಅಂದ.

ಕ್ಷಮಿಸಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಮಗನನ್ನು ಕಳೆದುಕೊಂಡ ಹೊಟ್ಟೆ ಇನ್ನೂ ಉರಿಯುತ್ತಿದೆ. ಮನೆಗೆ ಬಂದವಳೇ ಹೊಲಿಗೆ ಮಿಷಿನ್ನಿನ ಪಕ್ಕ ಮೊಣಕಾಲೂರಿ, ಕರ್ತನೇ, ಇದು ನನ್ನ ಕೈಲಾಗದ ಕೆಲಸ, ಆಗುವುದಾದರೆ ನಿನ್ನ ಕೃಪೆಯಿಂದಲೇ ಆಗಬೇಕು ಅಂತ ಅಳುತ್ತಾ ಹೇಳಿಕೊಂಡೆ. ಅದಕ್ಕಿಂತ ದೊಡ್ಡ ಪ್ರಾರ್ಥನೆ ನನಗೆ ಬರಲಿಲ್ಲ.

ನೀನು ಸರಿಯಾಗಿ ಊಟ ಮಾಡು. ಒಂದು ಸಾಲಾದರೂ ಬರಿ.

ನಿನ್ನ ದಾರಿ ಕಾಯುವ,
ಅಮ್ಮ

ಮರೆತಿದ್ದೆ: ಮುಂದಿನ ತಿಂಗಳ ಭೋಜನಕ್ಕೆ ನೀನೂ ಬಾ. ಅಳಿಯಂದಿರು ಬೆಂಚಿನ ತುದಿಯಲ್ಲಿ ಕೂರುವುದು ಬೇಡ, ನನಗಿಂತ ಮೊದಲು ಕೂರಲಿ. ಬಟ್ಟಲು ಅವರ ಕೈಯಿಂದಲೇ ನನಗೆ ಬರಲಿ. ಕೊಡುವುದಕ್ಕೆ ನನಗೆ ಇನ್ನೂ ಆಗದು, ತೆಗೆದುಕೊಳ್ಳುವುದಕ್ಕಾದರೂ ಆಗುತ್ತದೇನೋ ನೋಡುತ್ತೇನೆ.