ಆಂಟಿವೈರಸ್ ಬಿಟ್ಟುಹೋದ ಬಾಲ

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ಇವರು ಲ್ಯಾಪ್‌ಟಾಪಿನಿಂದ ಹಳೇ ಆಂಟಿವೈರಸ್ ಕಿತ್ತುಹಾಕಿದರು, ಅದರ ಹಿಂದೆಯೇ ಇಂಟರ್ನೆಟ್ಟೂ ಹೋಯಿತು. ಮಧ್ಯಾಹ್ನ ತಂಗಿಯ ಪಿಎಚ್‌ಡಿ ವೈವಾ, ಅದೂ ಆನ್‌ಲೈನಿನಲ್ಲಿ. ಸ್ಲೈಡುಗಳೆಲ್ಲ ಆ ಲ್ಯಾಪ್‌ಟಾಪಿನಲ್ಲೇ. ಅವಳ ಮುಖ ಬಿಳುಚಿಕೊಂಡಿತ್ತು.

"ರೂಟರ್ ಕೆಟ್ಟಿದೆ, ಹೊಸದು ತರ್ತೀನಿ" ಅಂತ ಇವರು ಚಪ್ಪಲಿ ಮೆಟ್ಟಿದರು.

"ಸ್ವಲ್ಪ ತಡೀರಿ. ಅದೇ ವೈಫೈನಲ್ಲಿ ನನ್ನ ಫೋನ್ ಚೆನ್ನಾಗೇ ಓಡ್ತಿದೆ. ರೋಗ ಇರೋದು ಲ್ಯಾಪ್‌ಟಾಪಲ್ಲೇ" ಅಂದೆ.

ಅಂದುಕೊಂಡ ಹಾಗೇ ಆಯಿತು. ಆಂಟಿವೈರಸ್ ಹೋಗಿದ್ದರೂ ನೆಟ್ಟನ್ನು ಸೋಸಿ ಬಿಡುವ ಅದರ ಫಿಲ್ಟರ್ ಮಾತ್ರ ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ಜಾಂಡಾ ಊರಿಕೊಂಡು ಕೂತಿತ್ತು. ಅದನ್ನು ತೆಗೆದು ರೀಸ್ಟಾರ್ಟ್ ಮಾಡಿದೆ. ನೆಟ್ ಬಂತು.

ಸಂಜೆ ತಂಗಿ ಕೋಣೆಯಿಂದ ಓಡಿಬಂದು, "ಪಾಸಾದೆ! ಥ್ಯಾಂಕ್ಸ್ ಭಾವ!" ಅಂದಳು.

"ನನಗಲ್ಲಮ್ಮ, ನಿಮ್ಮಕ್ಕನಿಗೆ ಹೇಳು" ಅಂದರು ಇವರು.

ಆ ಮಾತು ಇನ್ನೂ ಕಿವಿಯಲ್ಲೇ ಇದೆ. ಕಣ್ಣು ಎಳೀತಿದೆ, ಆದರೂ ಇನ್ನೊಂದು ಸಲ ನೆನೆಸಿಕೊಂಡು...